ನನ್ನ ಬಂಡೆಯ ಬಳಿ ಕಂಡ ಮೀನು

ಕೊಸೋದೆ,
ಸೆಪ್ಟೆಂಬರ್ ೯

ಮೀನು ಸಂಶೋಧನಾ ಕೇಂದ್ರದ ಹತಕೆಯಾಮ ಅವರಿಗೆ,

ಸೆಪ್ಟೆಂಬರ್ ಬಂದರೂ ನಮ್ಮ ಕಡಲಿಗೆ ಇನ್ನೂ ಚಳಿ ಹತ್ತಿಲ್ಲ. ನೀವು ಕ್ಷೇಮವೆಂದು ನಂಬಿದ್ದೇನೆ.

ಹೊಸ ಮೀನು ಕಂಡೆನೆಂದು ಬರೆದ ನನ್ನ ವರದಿಯನ್ನು ನೀವು ತಿರುಗಿ ಕಳಿಸಿದ್ದೀರಿ. "ಅದು ಬೆಚ್ಚಗಿನ ಕಡಲಿನ ಮೀನು ಅಜ್ಜೀ, ಇಷ್ಟು ಉತ್ತರಕ್ಕೆ ಯಾಕ್ ಬರುತ್ತೆ? ಬೇರೆ ಏನೋ ನೋಡಿರ್ತೀರ" ಎಂದಳು ಫೋನಿನಲ್ಲಿ ನಿಮ್ಮ ಕಚೇರಿಯ ಹುಡುಗಿ. ಐವತ್ತೆಂಟು ವರ್ಷಗಳಿಂದ ಉಸಿರು ಬಿಗಿಹಿಡಿದು ಈ ಕಡಲಲ್ಲಿ ಮುಳುಗಿ ಬಂಡೆಗಂಟಿದ ಚಿಪ್ಪು ಕೀಳುತ್ತಿದ್ದೇನೆ. ನನ್ನ ಕೇರಿಗೆ ಹೊಸಬರು ಬಂದರೆ ನನಗೆ ಗೊತ್ತಾಗದೇ? ಅಂಗೈಯಗಲದ ಹಳದಿ ಚಿಟ್ಟೆಮೀನು, ಕಣ್ಣಿನ ಮೇಲೆ ಕಪ್ಪು ಪಟ್ಟೆ. ಮೂರು ಸಲ ಮುಳುಗಿದೆ, ಮೂರು ಸಲವೂ ಅಲ್ಲೇ ಇತ್ತು.

'ಕಂಡ ಸ್ಥಳ' ಬರೆಯದಿದ್ದರೆ ವರದಿ ಸೇರಿಸಲಾಗದು ಎನ್ನುತ್ತೀರಿ. ಮರೆತು ಬಿಟ್ಟದ್ದಲ್ಲ. ಅಲ್ಲಿ ನನ್ನ ಚಿಪ್ಪಿನ ಬಂಡೆಯಿದೆ. ಚಿಪ್ಪು ಕೀಳುವ ನಮ್ಮಲ್ಲಿ ಬಂಡೆಯ ಗುರುತನ್ನು ಯಾರೂ ಯಾರಿಗೂ ಹೇಳುವುದಿಲ್ಲ. ನನ್ನಮ್ಮ ಹೇಳಿದ್ದು ಸಾಯುವ ಹಿಂದಿನ ವಾರ.

ಹಾಗೆಂದು ಸುಳ್ಳುಗಾತಿ ಎನ್ನಿಸಿಕೊಳ್ಳಲಾರೆ. ಮಂಗಳವಾರ ಬನ್ನಿ, ನಾನೇ ದೋಣಿಯಲ್ಲಿ ಕರೆದೊಯ್ದು ಮೀನು ತೋರಿಸುತ್ತೇನೆ. ನಿಮ್ಮ ಫೋನು ದಡದಲ್ಲಿರಲಿ. ಸುತ್ತಿ ಬಳಸಿ ಹುಟ್ಟು ಹಾಕುತ್ತೇನೆ, ದಾರಿ ನೆನಪಿಟ್ಟುಕೊಳ್ಳಬೇಡಿ. ನನ್ನ ಮಗಳಿಗೇ ಆ ಬಂಡೆಯನ್ನು ತೋರಿಸಿಲ್ಲ. ಅವಳಿಗಿನ್ನೂ ಐವತ್ತೊಂದೇ ವರ್ಷ.

ದೋಣಿಕಟ್ಟೆಯಲ್ಲಿ ಕಾಯುವ,
ಒಸಾನಾಯ್ ಹಿಸಾ