ದೀಪದ ಸಂತೆಗೆ ಹತ್ತಿರದ ಹೋಟೆಲ್

ಆಲ್ಫರೆಟಾ, ಅಟ್ಲಾಂಟಾ
ಗುರುವಾರ, 14 ಡಿಸೆಂಬರ್ 2023

ಪ್ರೀತಿಯ ಅಪ್ಪಾಜಿಗೆ, ಸಿದ್ದಿಯ ನಮಸ್ಕಾರ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಕ್ಷೇಮ ಆಮೇಲೆ ಕೇಳುತ್ತೇನೆ. ನಾನು ಹನ್ನೆರಡನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟದ್ದು ಬರೀ ಬೇಸರದಿಂದ ಅಲ್ಲ. ನಿಮಗೂ ಅವ್ವನಿಗೂ ಹಾಗೆ ಹೇಳಿದ್ದೆ. ಬೇಸರ ಇದ್ದದ್ದು ನಿಜ, ಆದರೆ ಅದು ಅರ್ಧ ಕಾರಣ. ನೀವು ಮನೆ ಬಿಟ್ಟು ಶಾರ್ಲಟ್‌ಗೆ ಹೋದ ಆರನೇ ವಾರ ಶಾಲೆಯ ಕೌನ್ಸೆಲರ್ ನನ್ನನ್ನು ಕರೆದು, ಕಾಲೇಜಿನ ಅರ್ಜಿಗಳ ಬಗ್ಗೆ ಮಾತಾಡಬೇಕು, ಅಪ್ಪ ಅಮ್ಮ ಇಬ್ಬರೂ ಬರಲಿ ಅಂದರು. ನೀವು ಹೇಳಿಕೊಟ್ಟಂತೆ ಅಪ್ಪ ಆಫೀಸಿನ ಕೆಲಸಕ್ಕೆ ಮೂರು ತಿಂಗಳು ಬೇರೆ ಊರಿನಲ್ಲಿದ್ದಾರೆ ಅಂದೆ. ಅವರು ಅದನ್ನು ನೆನಪಿಟ್ಟುಕೊಂಡು ಮೂರು ತಿಂಗಳ ನಂತರ ಮತ್ತೆ ಕೇಳಿದರು. ಇನ್ನೂ ಮೂರು ತಿಂಗಳು ಅಂದೆ. ಅವರ ಕೋಣೆಯ ಮುಂದೆ ಹಾಯದೆ ನನ್ನ ಕ್ಲಾಸುಗಳಿಗೆ ದಾರಿಯೇ ಇರಲಿಲ್ಲ. ಮೊದಲು ಹೊರಗಿನಿಂದ ಸುತ್ತು ಹಾಕಿದೆ, ಆಮೇಲೆ ತಡವಾಗಿ ಹೋಗತೊಡಗಿದೆ, ಫೆಬ್ರವರಿಯಲ್ಲಿ ಹೋಗುವುದನ್ನೇ ನಿಲ್ಲಿಸಿದೆ. ತಪ್ಪು ಯಾರದು ಎಂದು ತೂಗುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಾಳೆಯಿಂದ ಮೂರು ದಿನ ನೀವು ನನ್ನಿಂದ ಮಾಡಿಸಬೇಕೆಂದಿರುವುದು ಸುಳ್ಳು ಹೇಳುವ ಅದೇ ಕೆಲಸ. ಅದು ನನಗೆ ಬರುವುದಿಲ್ಲ. ಬರುತ್ತದೆ ಎಂದು ನಟಿಸಿದಾಗ ಏನಾಯಿತು ಎನ್ನುವುದು ನಿಮಗೆ ಗೊತ್ತಿರಬೇಕು.

ಈಗ ಕ್ಷೇಮ. ನಿಮ್ಮ ಬೆನ್ನುನೋವು ಹೇಗಿದೆ? ಶಾರ್ಲಟ್ಟಿನ ಬ್ಯಾಲಂಟೈನಿನ ಆ ಮನೆಗೆ ಒಂದು ಸರಿಯಾದ ಮಂಚ ತಂದಿರೋ, ಇನ್ನೂ ಗಾಳಿ ತುಂಬುವ ಹಾಸಿಗೆಯ ಮೇಲೆಯೇ ಮಲಗುತ್ತೀರೋ? ಬೆಳಿಗ್ಗೆ ಗುಳಿಗೆ ನುಂಗುವ ಮುಂಚೆ ಏನಾದರೂ ತಿನ್ನಿ. ಇಲ್ಲಿ ಅತ್ತೆಯ ಮನೆಯಲ್ಲಿ ಅಜ್ಜಿ ಚೆನ್ನಾಗಿದ್ದಾರೆ. ಬಾಗಲಕೋಟೆಯಿಂದ ತಂದ ಕಟಕ ರೊಟ್ಟಿಯ ಡಬ್ಬಿ ಇನ್ನೂ ಅರ್ಧ ಉಳಿದಿದೆ. ಪ್ರತಿಭಾ ಅತ್ತೆ ಈ ಹದಿನೆಂಟು ದಿನದಲ್ಲಿ ಅಟ್ಲಾಂಟಾ ಪೂರ್ತಿ ತೋರಿಸಿ ಮುಗಿಸಿದ್ದಾರೆ. ನಾನು ಭಾನುವಾರ ಬಂದು ಇಳಿದಾಗ ಅಜ್ಜಿ ನನ್ನ ಗಲ್ಲ ಹಿಡಿದು, "ನಿಮ್ಮವ್ವ ನಿನಗ ಉಣ್ಣಾಕ ಹಾಕ್ತಾಳೋ ಇಲ್ಲೋ, ಕೊಕ್ಕರಿ ಆಗೀಯಲ್ಲ" ಅಂದರು. ಕ್ರಿಸ್‌ಮಸ್ ಮರ ಮಾರುವ ನರ್ಸರಿಯಲ್ಲಿ ಕೆಲಸ, ದಿನವಿಡೀ ಮರ ಹೊರುತ್ತೇನೆ ಅಂದರೆ, ಮರ ಹೊರುವ ಕೆಲಸ ಬಾಗಲಕೋಟೆಯಲ್ಲೂ ಇತ್ತಲ್ಲ, ಇಷ್ಟು ದೂರ ಯಾಕೆ ಬಂದೆ ಎಂದು ಕೇಳಿದರು. ಎರಡು ವರ್ಷದಲ್ಲಿ ಇದು ನನ್ನ ಐದನೇ ಕೆಲಸ ಎಂದು ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಈ ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ. ಫೋನ್ ಮಾಡಿದರೆ ನೀವು "ಮೀಟಿಂಗ್ ಐತಿ, ಆಮೇಲೆ ಕಾಲ್ ಮಾಡ್ತೀನಿ" ಅನ್ನುತ್ತೀರಿ, ಆ ಆಮೇಲೆ ಬರುವುದಿಲ್ಲ. ನಾವು ಅಮೆರಿಕಕ್ಕೆ ಬಂದ ಮೇಲೆ ಕನ್ನಡ ಮರೆಯಬಾರದೆಂದು ಭಾನುವಾರಕ್ಕೊಂದು ಪುಟ ಬರೆಸಿದವರು ನೀವೇ, ಆದ್ದರಿಂದ ಓದಲೇಬೇಕು.

ಹೋಟೆಲ್ ಗೊತ್ತುಮಾಡುವ ಕೆಲಸವನ್ನು ನೀವೂ ಅವ್ವನೂ ನನಗೆ ಒಪ್ಪಿಸಿದಿರಿ, ನನಗೆ ಬಿಡುವಿದೆ ಎಂದು. ಅಜ್ಜಿಗೆ ಕೊಟ್ಟ ಕಾರಣ ಸುಲಭವಾಗಿತ್ತು. ಪ್ರತಿ ಡಿಸೆಂಬರ್ ನೀವು ವಾಷಿಂಗ್ಟನ್ನಿನ ಕ್ರಿಸ್‌ಮಸ್ ಮಾರುಕಟ್ಟೆಯಲ್ಲಿ ಫೋನ್ ಎತ್ತಿ ಹಿಡಿದು ಅಂಗಡಿ ಅಂಗಡಿಯನ್ನೂ ಅವರಿಗೆ ತೋರಿಸುತ್ತಿದ್ದಿರಿ. ಅವರು ಅದಕ್ಕೆ ದೀಪದ ಸಂತಿ ಎಂದು ಹೆಸರಿಟ್ಟಿದ್ದರು, ಸಾಯೋದರೊಳಗ ಒಮ್ಮೆ ನಾನೂ ಅಲ್ಲಿ ಅಡ್ಡಾಡಬೇಕು ಅನ್ನುತ್ತಿದ್ದರು. ಕ್ಲಾರ್ಕ್ಸ್‌ಬರ್ಗ್‌ನ ನಮ್ಮ ಮನೆಯಿಂದ ಅಲ್ಲಿಗೆ ಹೋಗಿ ಬರುವುದು ಅವರ ಮೊಣಕಾಲಿಗೆ ಆಗದು, ಅದಕ್ಕೇ ಹೋಟೆಲ್. ಕೇಳಿದವರೆಲ್ಲ ಒಪ್ಪುವ ಮಾತು. ನಿಜವಾದ ಕಾರಣ ನಮ್ಮ ಮೂವರಿಗೂ ಅತ್ತೆಗೂ ಗೊತ್ತು. ಆ ಮನೆಯಲ್ಲಿ ನಿಮ್ಮ ಒಂದು ಅಂಗಿಯೂ ಇಲ್ಲ. ಬಾಗಿಲ ಬಳಿ ಎರಡು ಜೊತೆ ಚಪ್ಪಲಿ ಮಾತ್ರ ಇರುತ್ತವೆ. ಅಜ್ಜಿ ಒಳಗೆ ಕಾಲಿಟ್ಟ ಅರ್ಧ ಗಂಟೆಯಲ್ಲಿ ತಿಳಿದುಬಿಡುತ್ತದೆ. ಆದ್ದರಿಂದ ಮೂರು ರಾತ್ರಿ ಹೋಟೆಲ್, ಅಲ್ಲಿ ನಾವು ನಾಲ್ವರೂ ಒಂದೇ ಕುಟುಂಬ. ಆಮೇಲೆ ನೀವು ಆಫೀಸಿನ ಪ್ರಾಜೆಕ್ಟ್ ಎಂದು ಹೇಳಿ ಅವರನ್ನು ಶಾರ್ಲಟ್‌ಗೆ ಕರೆದುಕೊಂಡು ಹೋಗುವುದು, ಜನವರಿಯಲ್ಲಿ ವಿಮಾನ ಹತ್ತಿಸುವುದು. ಎಪ್ಪತ್ತೆಂಟು ವಯಸ್ಸು, ಬಿ.ಪಿ. ಇದೆ, ಎಂಟು ವಾರ ಕಳೆದರೆ ಸಾಕು ಅಂದಿರಿ. ನಾನು ಆಗ ಸುಮ್ಮನಿದ್ದೆ. ಸುಮ್ಮನಿದ್ದುದನ್ನು ನೀವು ಒಪ್ಪಿಗೆ ಎಂದುಕೊಂಡಿರಿ.

ನಾನು ಕಂಪ್ಯೂಟರ್ ಮುಂದೆ ಕೂತು ಆರಿಸಲಿಲ್ಲ. ಹತ್ತಿರದಲ್ಲಿದೆ ಎಂದು ಎಲ್ಲ ಹೋಟೆಲಿನವರೂ ಬರೆದುಕೊಳ್ಳುತ್ತಾರೆ. ನವೆಂಬರಿನಲ್ಲಿ, ಮಾರುಕಟ್ಟೆ ಶುರುವಾದ ಮೇಲೆ, ಎರಡು ಸಲ ಶೇಡಿ ಗ್ರೋವ್‌ನಲ್ಲಿ ಕಾರು ನಿಲ್ಲಿಸಿ ಮೆಟ್ರೊ ಹಿಡಿದು ಹೋದೆ. ಐದು ಹೋಟೆಲುಗಳ ಬಾಗಿಲಿನಿಂದ ಮಾರುಕಟ್ಟೆಯ ಮೊದಲ ಅಂಗಡಿಯವರೆಗೆ ಅಜ್ಜಿಯ ಹೆಜ್ಜೆಯಲ್ಲಿ ನಡೆದು ನೋಡಿದೆ. ಹಿಂದಿನವರು ಬೈದುಕೊಂಡು ದಾಟಿ ಹೋಗುತ್ತಿದ್ದರು. ಐದು ನಿಮಿಷ ಎಂದು ಬರೆದುಕೊಂಡಿದ್ದ ಒಂದು ಹೋಟೆಲಿನಿಂದ ಹತ್ತೊಂಬತ್ತು ನಿಮಿಷ ಹಿಡಿಯಿತು, ನಡುವೆ ಕೂರುವುದಕ್ಕೆ ಒಂದು ಬೆಂಚೂ ಇಲ್ಲ. ಇನ್ನೊಂದು ಹಳೆಯ ಕಟ್ಟಡ, ಒಳಗೆ ಅರಮನೆಯ ಹಾಗಿದೆ, ಆದರೆ ಬಾಗಿಲಿಗೆ ಏಳು ಮೆಟ್ಟಿಲು. ಇಳಿಜಾರು ದಾರಿ ಎಲ್ಲಿ ಎಂದರೆ ಹಿಂದಿನ ಓಣಿಯಲ್ಲಿ ಕಸದ ಡಬ್ಬಿಗಳ ಪಕ್ಕ. ಅಜ್ಜಿಯನ್ನು ಕಸದ ಡಬ್ಬಿ ದಾಟಿಸಿ ಕರೆದೊಯ್ಯಲಾರೆ. ಕೊನೆಗೆ ಎಫ್ ಸ್ಟ್ರೀಟಿನಲ್ಲಿ ಕಂಬಗಳ ದೊಡ್ಡ ಮ್ಯೂಸಿಯಂ ಇದೆಯಲ್ಲ, ಅದರಿಂದ ಒಂದೇ ಬ್ಲಾಕ್ ದೂರದ್ದು ಸಿಕ್ಕಿತು. ಮೆಟ್ಟಿಲಿಲ್ಲ, ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಇದೆ, ಚಿಕ್ಕ ಫ್ರಿಜ್ ಇದೆ. ಕಿಟಕಿಯಿಂದ ಮಾರುಕಟ್ಟೆಯ ದೀಪಗಳ ಒಂದು ಸಾಲು ಕಾಣುತ್ತದೆ. ಅಜ್ಜಿಯ ಹೆಜ್ಜೆಯಲ್ಲಿ ಆರು ನಿಮಿಷ. ಯಾರ ಕೈಯನ್ನೂ ಹಿಡಿಯದೆ ಅವರೊಬ್ಬರೇ ಹೋಗಿ ಬರಬಹುದು.

ಅದನ್ನು ಹೇಳಿದಾಗ ನೀವು ಏನು ಕಳಿಸಿದಿರಿ ನೆನಪಿದೆಯೇ? "ಇಷ್ಟು ಹತ್ತಿರ ಬೇಡ, ಸ್ವಲ್ಪ ದೂರದ್ದು ನೋಡು, ನಾನೇ ಕಾರಲ್ಲಿ ಡ್ರಾಪ್ ಮಾಡ್ತೀನಿ." ಮತ್ತೆ, "ರೂಮ್ ಮಧ್ಯೆ ಕನೆಕ್ಟಿಂಗ್ ಡೋರ್ ಇರಬಾರದು." ಅವ್ವ ಕಳಿಸಿದ್ದು ಒಂದೇ ಸಾಲು, "ನಮ್ಮ ರೂಮಿನ್ಯಾಗ ಎರಡು ಕಾಟ್ ಇರಲಿ." ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಟೆಲಿನ ಕೌಂಟರಿನಲ್ಲಿ ನಿಂತು ಓದಿದೆ. ಎರಡು ಕೋಣೆ. ಒಂದು ಗಂಡ ಹೆಂಡತಿಗೆ, ಅದರಲ್ಲಿ ಎರಡು ಮಂಚ. ಒಂದು ಅಜ್ಜಿಗೂ ನನಗೂ, ಬೇರೆ ಮಹಡಿಯಲ್ಲಾದರೆ ಒಳ್ಳೆಯದು. ಅಜ್ಜಿ ಬೆಳಗಿನ ನಾಲ್ಕೂವರೆಗೆ ಎದ್ದು ಸ್ನಾನ ಮಾಡಿ ಪೂಜೆಗೆ ಕೂರುತ್ತಾರೆ, ಎಣ್ಣೆಯ ದೀಪ ಹಚ್ಚಬಹುದೇ? ಕೌಂಟರಿನಲ್ಲಿದ್ದ ಹೆಂಗಸು ನಮ್ಮ ಅತ್ತೆಯ ವಯಸ್ಸಿನವಳು. ಪೆನ್ನು ಕೆಳಗಿಟ್ಟು, "ಅಜ್ಜಿಗೆ ಯಾವುದು ಕಾಣಬಾರದು ಅದನ್ನ ಹೇಳಮ್ಮ, ಅದಕ್ಕೆ ತಕ್ಕ ರೂಮ್ ಕೊಡ್ತೀನಿ" ಅಂದಳು. ದೀಪ ಹಚ್ಚುವ ಹಾಗಿಲ್ಲ, ಬ್ಯಾಟರಿ ದೀಪ ಬೇಕಾದರೆ ಹಿಂದೆ ಎಲ್ಲೋ ಇದೆ, ಹುಡುಕಿಡುತ್ತೇನೆ ಎಂದಳು. ನನಗೆ ನಗು ಬರಬೇಕಿತ್ತು. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಆದರೂ ಎರಡು ಕೋಣೆ ಹಿಡಿದು ಬಂದೆ. ಹತ್ತಿರದ್ದನ್ನೇ ಹಿಡಿದೆ, ಅದೊಂದರಲ್ಲಿ ನಿಮ್ಮ ಮಾತು ಕೇಳಲಿಲ್ಲ. ದೂರದ ಹೋಟೆಲ್ ಅಂದರೆ ಅಜ್ಜಿ ದಣಿದು ಬೇಗ ಮಲಗಲಿ ಎನ್ನುವುದು ನಿಮ್ಮ ಲೆಕ್ಕ ಎಂದು ನನಗೆ ತಿಳಿಯುವುದಿಲ್ಲವೇ?

ನಿಮ್ಮಿಬ್ಬರ ಯೋಜನೆಯಲ್ಲಿ ಮಂಚ, ಮಹಡಿ, ಬಾಗಿಲು ಎಲ್ಲವೂ ಇತ್ತು. ಮರೆತದ್ದು ಬೆಳಗಿನ ಪೂಜೆಯನ್ನು. ಮೊನ್ನೆ ಅಜ್ಜಿ ಪೆಟ್ಟಿಗೆ ತೆಗೆದು ಹೊಸ ಶಿವದಾರಗಳ ಒಂದು ಜೋಡಿ, ವಿಭೂತಿಯ ಎರಡು ಗಟ್ಟಿ ತೋರಿಸಿದರು. ಹಳೆಯ ದಾರ ಸವೆದಿರುತ್ತದೆ, ಹೋಟೆಲಿನಲ್ಲಿ ಮೊದಲ ದಿನ ಬೆಳಿಗ್ಗೆ ಮಗನನ್ನೂ ಸೊಸೆಯನ್ನೂ ಜೊತೆಗೆ ಕೂರಿಸಿ, ಇಬ್ಬರ ಇಷ್ಟಲಿಂಗಕ್ಕೂ ನನ್ನ ಕೈಯಿಂದಲೇ ಹೊಸ ದಾರ ಕಟ್ಟುತ್ತೇನೆ, ಒಂದೇ ಹೊತ್ತಿಗೆ ಪೂಜೆ ಮಾಡಿಸುತ್ತೇನೆ ಅಂದರು. ಮದುವೆಯಾದ ವರ್ಷವೂ ಹಾಗೇ ಕಟ್ಟಿದ್ದರಂತೆ. ನಾನು ಅಂಗಳಕ್ಕೆ ಹೋಗಿ ಅವ್ವನಿಗೆ ಫೋನ್ ಮಾಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಿಮ್ಮಪ್ಪನ ಬಾಜೂಕ ನಿಂತು ಫೋಟೋ ತಗಸ್ಕೋತೀನಿ, ನಕ್ಕೊಂತ ಊಟಾ ಬಡಿಸ್ತೀನಿ. ಅಂಗೈಯಾಗ ಲಿಂಗ ಹಿಡ್ಕೊಂಡು ಸುಳ್ಳು ಆಡಂಗಿಲ್ಲ" ಅಂದರು. ನೀವು ಅವರನ್ನು ಹಟಮಾರಿ ಅನ್ನುತ್ತೀರಿ. ಇದು ಹಟ ಅಲ್ಲ, ಅಪ್ಪಾಜಿ. ಆ ಚಾಪೆಯ ಮೇಲೆ ನೀವು ಕೂರಬಲ್ಲಿರಾ? ನೇರವಾಗಿ ಕೇಳುತ್ತಿದ್ದೇನೆ.

ಅಜ್ಜಿ ಇಲ್ಲಿ ದಿನಕ್ಕೊಂದು ಪ್ರಶ್ನೆ ಕೇಳುತ್ತಾರೆ, ಏನೂ ಗೊತ್ತಿಲ್ಲದವರ ಹಾಗೆ. ಸೋಮವಾರ, "ಈಕಿ ಫೋನಿನ್ಯಾಗ ವರಾ ನೋಡಿದಂಗ ಹೋಟೆಲ್ ನೋಡ್ತಾಳ" ಎಂದು ಅತ್ತೆಗೆ ಹೇಳಿ ನಕ್ಕರು. ಮಂಗಳವಾರ ನನ್ನ ಫೋನಿನಲ್ಲಿ ಕೋಣೆಯ ಚಿತ್ರ ನೋಡಿ, "ಗಂಡ ಹೆಂಡ್ತಿಗೆ ಎರಡು ಕಾಟ್ ಯಾಕವಾ?" ಅಂದರು. ಅತ್ತೆ ಅಡುಗೆಮನೆಯಿಂದ ಓಡಿ ಬಂದು, "ಇಲ್ಲಿ ಎಲ್ಲಾ ರೂಮೂ ಹಂಗ ಇರ್ತಾವ ಯವ್ವಾ" ಅಂದುಬಿಟ್ಟರು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ನಿನ್ನೆ, ನಿಮ್ಮ ಆಫೀಸಿಗೂ ಮನೆಗೂ ಎಷ್ಟು ದೂರ ಎಂದು ಕೇಳಿದರು. ಯಾವ ಮನೆ ಎಂದು ನನಗೆ ತಿಳಿಯಲಿಲ್ಲ. ಗೊತ್ತಿಲ್ಲ ಅಂದೆ. ಅದು ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೀಗೆ ಹೇಳಿಕೊಳ್ಳುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೆ ಗೊತ್ತಿದೆ, ಮೇಲೆ ಬರೆದಿದ್ದೇನೆ.

ಅದಕ್ಕೇ ಈ ಪತ್ರ. ಇವತ್ತು ಸಂಜೆಯೊಳಗೆ ನೀವೇ ಅಜ್ಜಿಗೆ ಫೋನ್ ಮಾಡಿ ಹೇಳಿ. ಏನು ಹೇಳಬೇಕೆಂದು ನಾನು ಕಲಿಸಲಾರೆ. ಬೇರೆಯಾಗಿ ಇದ್ದೇವೆ ಎಂಬ ಎರಡು ಶಬ್ದ ಸಾಕು. ಅತ್ತೆ ಪಕ್ಕದಲ್ಲಿ ಇರುತ್ತಾರೆ, ನಾನಿರುತ್ತೇನೆ, ಬಿ.ಪಿ. ಗುಳಿಗೆಯೂ ಇದೆ. ನೀವು ಹೇಳದಿದ್ದರೆ ನಾನಾಗಿ ಹೋಗಿ ಹೇಳುವುದಿಲ್ಲ, ಅದು ನಿಮ್ಮಿಬ್ಬರ ಮಾತು. ಆದರೆ ಅಜ್ಜಿ ನೇರವಾಗಿ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ಇದನ್ನು ಬೆದರಿಕೆ ಎಂದುಕೊಳ್ಳಬೇಡಿ. ನನ್ನ ಮೇಲೆ ಭರವಸೆ ಇಟ್ಟು ಕೂರಬೇಡಿ ಎಂದು ಮೊದಲೇ ತಿಳಿಸುತ್ತಿದ್ದೇನೆ, ಅಷ್ಟೇ. ಊಟ ಬಿಡಬೇಡಿ. ಅವ್ವ ನಿಮಗೆಂದು ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದಾರೆ. ಅದನ್ನು ನಿಮಗೆ ಹೇಳಬಾರದು ಅಂದಿದ್ದರು, ಹೇಳಿಬಿಟ್ಟೆ. ಅತ್ತೆಯ ನೆನಕೆಗಳು. ದಾರಿಯಲ್ಲಿ ಕಾರು ನಿಧಾನವಾಗಿ ಓಡಿಸಿ.

ನಿಮ್ಮ ಮಗಳು,
ಸಿದ್ದೇಶ್ವರಿ

ಮರೆಯುವ ಮುಂಚೆ: ಮೇಲಿನದನ್ನು ಮಧ್ಯಾಹ್ನ ಬರೆದು ಫೋಟೋ ಕಳಿಸಿದೆ. ನೀವು ಓದಿದ್ದೀರಿ ಎಂದು ಎರಡು ನೀಲಿ ಗೆರೆ ಬಂದವು. ಫೋನ್ ಬರಲಿಲ್ಲ. ಐದೂವರೆಗೆ ಅಜ್ಜಿ ಮಂಚದ ಮೇಲೆ ಕೂತು ಸೀರೆ ಮಡಚುತ್ತ ಕೇಳಿದರು: "ನಿಮ್ಮಪ್ಪ ಬಸು ಮನ್ಯಾಗ ಇಲ್ಲ, ಹೌದಿಲ್ಲೋ?" ಹೌದು ಅಂದೆ. "ಎಷ್ಟು ದಿನಾ ಆತು?" ಎರಡು ವರ್ಷ ಮೂರು ತಿಂಗಳು ಅಂದೆ. ಉಳಿದ ಎರಡು ಸೀರೆಗಳನ್ನೂ ಮಡಚಿ ಪೆಟ್ಟಿಗೆಗೆ ಹಾಕಿದರು. ನಾನು ಗುಳಿಗೆ ತರಲು ಎದ್ದರೆ, ಕೂಡು ಅಂದರು. ಹೋದ ವರ್ಷ ನೀವು ಶಾರ್ಲಟ್‌ನ ಮಾರುಕಟ್ಟೆಯಿಂದ ಫೋನ್ ಮಾಡಿ ಇದೇ ವಾಷಿಂಗ್ಟನ್ನಿನದು ಎಂದು ತೋರಿಸಿದಿರಂತೆ. "ಕಂಬದ ಮನಿ ಇದ್ದಿದ್ದಿಲ್ಲ. ನಿಮ್ಮವ್ವ ಸುವರ್ಣಾ ಇದ್ದಿದ್ದಿಲ್ಲ. ನೀನೂ ಇದ್ದಿದ್ದಿಲ್ಲ. ಕಣ್ಣಿಗಿ ಪೊರಿ ಬಂದೈತಿ, ತಲಿಗೆ ಬಂದಿಲ್ಲ" ಅಂದರು. ಯಾರಾದರೂ ಬಾಯಿಬಿಟ್ಟು ಹೇಳಲಿ ಎಂದು ಒಂದು ವರ್ಷದಿಂದ ಕಾಯುತ್ತಿದ್ದರಂತೆ, ಅದಕ್ಕೇ ಇಷ್ಟು ದೂರ ಬಂದದ್ದಂತೆ. ಆಮೇಲೆ ಅವ್ವನಿಗೆ ಫೋನ್ ಹಚ್ಚಿಸಿಕೊಂಡು ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮುಕ್ಕಾಲು ಗಂಟೆ. ಏನು ಮಾತಾಡಿದರೋ ನನಗೆ ಹೇಳಿಲ್ಲ, ಹೊರಬಂದಾಗ ಮುಖ ತೊಳೆದಿದ್ದರು.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಹೋಟೆಲ್ ಬಿಡಿಸಬ್ಯಾಡ, ಸಂತಿ ನೋಡೂದು ನೋಡೂದ. ಒಂದ ರೂಮ್ ಸಾಕು, ನಾನು, ಸುವರ್ಣಾ, ನೀನು. ಆಮ್ಯಾಲೆ ಸೊಸಿ ಮನ್ಯಾಗ ಇರ್ತೀನಿ, ಶಾರ್ಲಟ್ಟಿಗೆ ಬರಂಗಿಲ್ಲ. ಬಸೂಗ ಶನಿವಾರ ನಾಕಕ್ಕ ಸಂತಿಗೆ ಬಾ ಅನ್ನು. ಬರೂದಿದ್ರ ಬರಿಗೈಲೆ ಬರಲಿ, ಕತಿ ತರೂದು ಬ್ಯಾಡ."

ಎರಡನೇ ಕೋಣೆಯನ್ನು ರದ್ದು ಮಾಡಿದ್ದೇನೆ, ನಿಮಗೆ ಅಲ್ಲಿ ಮಂಚ ಇಲ್ಲ. ನಾಳೆ ಬೆಳಿಗ್ಗೆ ಒಂಬತ್ತೂ ಹತ್ತರ ವಿಮಾನಕ್ಕೆ ಅಜ್ಜಿಯೂ ನಾನೂ ಹೊರಡುತ್ತೇವೆ.