ಕೆಳಗಿನಿಂದ ಬಂದ ಕಲೆ

ಮನೆಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮಂಡಿ ಹೇಗಿದೆ? ಆಪರೇಷನ್ ಆದ ಕಾಲನ್ನು ಡಾಕ್ಟರು ಹೇಳಿದಷ್ಟೇ ಮಡಿಸುತ್ತಿದ್ದೀರೋ, ಇಲ್ಲಾ ನಾದಿನಿ ಆಫೀಸಿಗೆ ಹೊರಟ ಕೂಡಲೇ ವಾಕರನ್ನು ಮೂಲೆಗೆ ತಳ್ಳಿ ಗೋಡೆ ಹಿಡಿದು ಓಡಾಡುತ್ತಿದ್ದೀರೋ? ನಿಮ್ಮ ವಿಷಯ ನನಗೆ ಗೊತ್ತಿಲ್ಲವೇ! ಮಾತ್ರೆ ನುಂಗಿದ ಹಾಗೆ ನಟಿಸಿ ದಿಂಬಿನಡಿ ಸೇರಿಸುವುದು ಬೇಡ. ಇಲ್ಲಿ ನಿಮ್ಮ ಮಗ ಚೆನ್ನಾಗಿದ್ದಾರೆ. ದಿನವಿಡೀ ಲಿಫ್ಟ್ ರಿಪೇರಿ ಅಂತ ಜನರನ್ನು ಮೇಲೆ ಕೆಳಗೆ ಕಳಿಸಿ ಬಂದು, ಮನೆಯ ಮೂರು ಮೆಟ್ಟಿಲು ಹತ್ತುವಾಗ ನಿಟ್ಟುಸಿರು ಬಿಡುತ್ತಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿಮ್ಮ ಹತ್ತಿರ ಸುಳ್ಳೇಕೆ? ಕೆಲವು ದಿನಗಳಿಂದ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಾನು ಒಂದು ಹೇಳಿದರೆ ನಿಮಗೆ ಇನ್ನೊಂದು ಕೇಳಿಸುತ್ತದೆ. ಅದಕ್ಕೇ ಈ ಕಾಗದ. ದಯವಿಟ್ಟು ಅರ್ಧಕ್ಕೆ ಬಿಡದೆ ಪೂರ್ತಿ ಓದಿ.

ನೀವು ಮಗಳ ಮನೆಗೆ ಹೋದ ಮೇಲೆ ಒಬ್ಬಳೇ ಕೆಲಸ ಹಿಡಿಯಲು ನನಗೆ ಧೈರ್ಯವಿರಲಿಲ್ಲ. ಲಾಂಡ್ರಿಯಲ್ಲಿ ಅಷ್ಟು ವರ್ಷ ಬಟ್ಟೆಯ ಕಲೆ ತೆಗೆದು, ಬಟ್ಟೆಯಿಂದ ಕಾಂಕ್ರೀಟಿಗೆ ಬಡ್ತಿ ಪಡೆದವರು ನೀವು. ನಾನು ಬರೀ ಬಕೆಟ್ ಹೊತ್ತವಳು. ಆದರೂ ಕಲೆ ತೆಗೆದುಕೊಡುತ್ತೇವೆಂದು ನಾವು ಹಂಚಿದ ಕಾರ್ಡು ಎಲ್ಲೆಲ್ಲೋ ತಲುಪಿದೆ ನೋಡಿ, ದೊಡ್ಡ ರಸ್ತೆಯ ಕನ್ನಡಕದ ಅಂಗಡಿಯವರೇ ಫೋನು ಮಾಡಿದರು. ಅವರ ಮನೆಯ ಗೇಟಿನಿಂದ ಬಾಗಿಲಿನವರೆಗೆ ಕಾರು ಬರುವ ಕಾಂಕ್ರೀಟ್ ದಾರಿಯಲ್ಲಿ ಎರಡು ಕಡೆ ತುಕ್ಕಿನ ಕಲೆ. ಮಹಡಿಯ ಮನೆ ಬಾಡಿಗೆಗೆ ಕೊಡುತ್ತಿದ್ದೇನೆ, ಬರುವವರ ಕಣ್ಣಿಗೆ ಅದು ಬೀಳಬಾರದು ಎಂದರು. ಗೇಟಿನ ಪಕ್ಕದ ಕಲೆ ಸುಲಭದ್ದು, ಕಬ್ಬಿಣದ ಬೆಂಚು ಮಳೆಯಲ್ಲಿ ನೆನೆದು ಬಿಟ್ಟದ್ದು, ನಾಲ್ಕು ಕಾಲಿನ ಗುರುತೂ ಹಾಗೇ ಇತ್ತು. ದಾರಿಯ ನಡುವಿನದು ಮಾತ್ರ ದೊಡ್ಡದು, ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ನೀವು ಕಲಿಸಿದಂತೆ ಕೈಗವಸು ಹಾಕಿ, ನೆಲ ಒದ್ದೆ ಮಾಡಿ, ತುಕ್ಕು ತೆಗೆಯುವ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಹಚ್ಚಿ, ಒಣಗಲು ಬಿಡದೆ ತಿಕ್ಕಿ ತೊಳೆದೆ. ಕಲೆ ಇತ್ತೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅವರು ತಮ್ಮ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಕಣ್ಣಿನ ವ್ಯಾಪಾರದವರೇ ತಮ್ಮ ಕಣ್ಣು ನಂಬಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನಗುತ್ತಾ ಬಂದೆ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ನಡುವಿನ ಕಲೆ ಮತ್ತೆ ಬಂದಿದೆ ಎಂದು ಫೋನು ಬಂತು. ತೊಳೆಯುವುದರಲ್ಲಿ ಕಡಿಮೆ ಮಾಡಿದೆನೋ, ಪುಡಿ ಹಳೆಯದೋ ಎಂದು ನನ್ನನ್ನೇ ಬೈದುಕೊಂಡು ಹೋಗಿ ಮತ್ತೆ ತೆಗೆದೆ. ಮತ್ತೆ ಬಂತು. ಈ ಸಲ ಬ್ರಷ್ ಹಿಡಿಯುವ ಮೊದಲು ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ಲಾಂಡ್ರಿಯ ದಿನಗಳಿಂದಲೂ ನೀವು ಹೇಳುವ ಮಾತೊಂದಿದೆಯಲ್ಲ, “ಕಲೆ ಎಲ್ಲಿಂದ ಬಂತು ಅಂತ ಮೊದ್ಲು ಕೇಳು, ಆಮೇಲೆ ಸೋಪು ಮುಟ್ಟು” ಎಂದು. ಅದು ನೆನಪಾಗಿ ಸುತ್ತ ಕಣ್ಣಾಡಿಸಿದರೆ, ಅಲ್ಲಿ ಬೆಂಚಿಲ್ಲ, ಹೂವಿನ ಸ್ಟ್ಯಾಂಡಿಲ್ಲ, ಮೇಲಿನಿಂದ ತೊಟ್ಟಿಕ್ಕುವ ಪೈಪಿಲ್ಲ. ಕಲೆ ಮಚ್ಚೆಯ ಹಾಗೂ ಇರಲಿಲ್ಲ ಅತ್ತೆ. ನೆಟ್ಟಗಿನ ಗೆರೆ, ಅದಕ್ಕೆ ಅಡ್ಡಲಾಗಿ ಇನ್ನೊಂದು ಗೆರೆ, ಕಿಟಕಿಯ ಸರಳುಗಳ ಹಾಗೆ. ಗೆರೆಯ ಮೇಲೆ ಕೂದಲೆಳೆಯಷ್ಟು ಬಿರುಕು. ಬ್ರಷ್ಷಿನ ಹಿಡಿಯಿಂದ ಕುಟ್ಟಿದೆ. ಬೇರೆ ಕಡೆ ಗಟ್ಟಿ ಸದ್ದು, ಅಲ್ಲಿ ಮಾತ್ರ ಟೊಳ್ಳು. ಇದರ ಕೆಳಗೆ ಏನಿದೆ ಸಾರ್ ಎಂದು ಕೇಳಿದೆ. “ನೀರಿನ ಟ್ಯಾಂಕು, ನಮ್ಮಪ್ಪ ಕಟ್ಟಿಸಿದ್ದು” ಎಂದರು. ಕಲೆ ಮೇಲಿನಿಂದ ಬಿದ್ದದ್ದಲ್ಲ, ಟ್ಯಾಂಕಿನ ಮೇಲಿನ ಸ್ಲ್ಯಾಬಿನ ಒಳಗಿನ ಕಂಬಿಗಳಿಗೇ ತುಕ್ಕು ಹಿಡಿದು, ಅದು ಮೇಲಕ್ಕೆ ಬರುತ್ತಿದೆಯೇನೋ ಅನ್ನಿಸಿತು.

ಭಾರ ಬಿದ್ದರೆ ಕುಸಿಯಬಹುದು ಎಂದು ತಡವರಿಸುತ್ತಲೇ ಹೇಳಿದೆ. ಅವರ ಮುಖ ಬಿಗಿದುಕೊಂಡಿತು. “ನಿಮ್ಮನ್ನ ಕಲೆ ತೆಗೆಯೋಕೆ ಕರೆದಿದ್ದು ತಾಯಿ, ಭಯ ಹುಟ್ಟಿಸೋಕಲ್ಲ. ಎಂಥ ಹಳೇ ಕಲೆ ಇದ್ರೂ ಹೋಗತ್ತೆ ಅಂತ ಕಾರ್ಡಲ್ಲಿ ಹಾಕ್ಸಿದೀರಲ್ಲ, ತೆಗೀರಿ ಮತ್ತೆ” ಎಂದರು. ಕೆಟ್ಟವರಲ್ಲ ಅತ್ತೆ. ಹೆಂಡತಿ ಕಾಯಿಲೆ ಬಿದ್ದು ಓಡಾಡಲಾರರು. ಆಕೆ ಒಳಗಿನಿಂದ ಕರೆದರೆ ಮಾತನ್ನು ಅರ್ಧಕ್ಕೇ ಬಿಟ್ಟು ಓಡುವ ಮನುಷ್ಯ. ಬಾಡಿಗೆಗೆ ಬರುವಾಕೆ ನರ್ಸು. ಹೊತ್ತಿಲ್ಲದ ಹೊತ್ತಿನಲ್ಲಿ ಆಸರೆಗೆ ಒಬ್ಬರು ಸಿಕ್ಕರಲ್ಲ ಎಂಬ ಸಮಾಧಾನ ಅವರದು. ಅದು ತಪ್ಪಿಹೋದೀತೆಂಬ ಗಾಬರಿ. ಶನಿವಾರ ಸಾಮಾನಿನ ಲಾರಿ ಬರುತ್ತದೆ, ಅಷ್ಟರಲ್ಲಿ ನೀವು ತೆಗೆಯದಿದ್ದರೆ ಬೇರೆಯವರು ತೆಗೆಯುತ್ತಾರೆ ಎಂದರು. ನಾನು ಬಕೆಟ್ ಎತ್ತಿಕೊಂಡು ಬಂದುಬಿಟ್ಟೆ.

ಮನೆಗೆ ಬಂದು ಇವರಿಗೆ ಹೇಳಿದರೆ, “ಅವ್ರ ಮನೆ, ಅವ್ರ ನೆಲ. ನೀನೇನು ಇಂಜಿನಿಯರ್ರಾ?” ಎಂದರು. ಅದೂ ನಿಜವೇ. ನನಗೇನು ಗೊತ್ತು? ತಪ್ಪಾಗಿದ್ದರೆ ಊರೆಲ್ಲ ನಗುತ್ತದೆ, ಕಲೆ ತೆಗೆಯಲಾರದೆ ಕಥೆ ಕಟ್ಟಿದಳು ಎನ್ನುತ್ತಾರೆ, ನಿಮ್ಮ ಹೆಸರೂ ಕೆಡುತ್ತದೆ. ನಿಜವಾಗಿದ್ದರೆ? ತುಂಬಿದ ಲಾರಿಯ ಹಿಂದಿನ ಚಕ್ರ ಆ ಗೆರೆಗಳ ಮೇಲೆ ಏರುವುದೇ ಕಣ್ಣ ಮುಂದೆ ಬರುತ್ತಿತ್ತು. ಶನಿವಾರ ಬೆಳಿಗ್ಗೆ ನಾನು ಉಪ್ಪಿನ ಡಬ್ಬಿಗೆ ಸಕ್ಕರೆ ಸುರಿದದ್ದನ್ನು ನೋಡಿ ಇವರೇ ಸ್ಕೂಟರಿನ ಕೀ ತೆಗೆದುಕೊಂಡರು. “ನಡಿ, ಹೋಗಿ ನೋಡ್ಕೊಂಡು ಬರೋಣ. ಬರೀ ನೋಡೋದು, ಮಾತಾಡೋ ಹಾಗಿಲ್ಲ” ಎಂದು ದಾರಿಯುದ್ದಕ್ಕೂ ಪಾಠ ಒಪ್ಪಿಸಿದರು.

ನಾವು ತಲುಪಿದಾಗ ಲಾರಿ ಗೇಟಿನೊಳಗೆ ರಿವರ್ಸಿನಲ್ಲಿ ಬರುತ್ತಿತ್ತು. ಕಲೆಯಿದ್ದ ಜಾಗಕ್ಕೆ ಬೂದು ಬಣ್ಣ ಬಳಿದಿದ್ದರು. ಅಲ್ಲೇನೂ ಇರಲೇ ಇಲ್ಲ ಎಂಬಂತೆ ಅದು ಹೊಳೆಯುತ್ತಿತ್ತು. ಆಮೇಲೆ ಏನಾಯಿತೋ, ಓಡಿಹೋಗಿ ಲಾರಿಯ ಹಿಂದೆ ಎರಡೂ ಕೈ ಚಾಚಿ ನಿಂತಿದ್ದೆ. ಡ್ರೈವರು ಕಿಟಕಿಯಿಂದ ತಲೆ ಹಾಕಿ, “ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ ಅಮ್ಮಾ?” ಎಂದು ಕಿರುಚಿದ. ಕನ್ನಡಕದ ಅಂಗಡಿಯವರು ಓಡಿ ಬಂದು, “ಮರ್ಯಾದೆಯಾಗಿ ಆಚೆ ಹೋಗ್ತೀರಾ, ಪೊಲೀಸ್ರನ್ನ ಕರೀಲಾ?” ಎಂದರು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಆಗ ಮುಂದಿನ ಸೀಟಿನಿಂದ ನರ್ಸು ಇಳಿದು ಬಂದರು, ಕೈಯಲ್ಲೊಂದು ನಿಲುಗನ್ನಡಿ. ಹಿಂದೆಯೇ ಅವರ ಇಬ್ಬರು ಹೆಣ್ಣುಮಕ್ಕಳು. ನಾನು ತೊದಲುತ್ತಾ ಹೇಳಿದ್ದನ್ನೆಲ್ಲ ಕೇಳಿ, “ನಿಮಗೆ ಖಚಿತವಾಗಿ ಗೊತ್ತಾ?” ಎಂದರು. “ಗೊತ್ತಿಲ್ಲ. ಗೊತ್ತಿಲ್ದೇ ಇರೋದಕ್ಕೇ ಹೆದರಿಕೆ” ಎಂದೆ. ಆಕೆ ಡ್ರೈವರನ ಕಡೆ ತಿರುಗಿ, “ಆಚೆನೇ ಇಳಿಸಿಬಿಡಿ. ಹೊತ್ಕೊಂಡು ಹೋಗೋಣ” ಎಂದರು. ಮಾತಾಡುವ ಹಾಗಿಲ್ಲ ಎಂದಿದ್ದ ನಿಮ್ಮ ಮಗನೇ ಹೋಗಿ ಬೀರುವಿನ ಒಂದು ತುದಿ ಹಿಡಿದರು. ಹುಲ್ಲಿನ ಅಂಚಿನಲ್ಲಿ, ಸ್ಲ್ಯಾಬು ತಪ್ಪಿಸಿ, ಎಲ್ಲ ಸಾಮಾನೂ ಒಳಗೆ ಹೋಯಿತು. ವಾಪಸು ಬರುವಾಗ ಇವರು ಸ್ಕೂಟರ್ ನಿಲ್ಲಿಸಿ ಹಿಂದೆ ತಿರುಗಿ, “ಅಲ್ವೇ, ಕುಸಿಯತ್ತೆ ಕುಸಿಯತ್ತೆ ಅಂತ ಕೂಗ್ತಾ ಅದ್ರ ಮೇಲೇ ನಿಂತಿದ್ಯಲ್ಲೇ!” ಎಂದರು. ನಗುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ಕಣ್ಣಲ್ಲಿ ನೀರು.

ಅಲ್ಲಿಂದ ಮುಂದಿನ ದಿನಗಳು ಹೇಗೆ ಕಳೆದವೋ ನನಗೇ ಗೊತ್ತು. ಫೋನು ಹೊಡೆದುಕೊಂಡರೆ ಅವರದೇ ಎಂದು ಓಡುತ್ತಿದ್ದೆ. ನನ್ನ ಮಾತು ಸುಳ್ಳಾಗಲಿ ಎಂದು ಒಮ್ಮೆ, ಸುಳ್ಳಾದರೆ ಮುಖ ಎಲ್ಲಿಡಲಿ ಎಂದು ಇನ್ನೊಮ್ಮೆ. ಕೊನೆಗೆ ಆ ನರ್ಸಮ್ಮನ ಒತ್ತಾಯಕ್ಕೆ ಗಾರೆ ಮೇಸ್ತ್ರಿಯೊಬ್ಬರು ಬಂದು, ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದರಂತೆ. ಕೆಳಗಿನ ಕಾಂಕ್ರೀಟು ಹಪ್ಪಳಿಕೆ ಎದ್ದು ಉದುರಿ, ಕಂಬಿಗಳು ಪದರುಪದರಾಗಿ ಊದಿಕೊಂಡು ನೇತಾಡುತ್ತಿದ್ದವಂತೆ. ಎಲ್ಲರನ್ನೂ ದೂರ ನಿಲ್ಲಿಸಿ ಅಂಚಿನಿಂದ ಹಾರೆ ಹಾಕಿದ್ದೇ ತಡ, ಬಾಗಿಲಿನಗಲದ ತುಂಡು ನೀರಿಗೆ ಬಿತ್ತು. ಇದನ್ನೆಲ್ಲ ಕನ್ನಡಕದ ಅಂಗಡಿಯವರೇ ಫೋನು ಮಾಡಿ ಹೇಳಿದರು. ಎಲ್ಲ ಹೇಳಿ ಮುಗಿಸಿ, “ದಿನಾ ಸಾಯಂಕಾಲ ನನ್ನ ಹೆಂಡ್ತೀನ ಗಾಲಿಕುರ್ಚೀಲಿ ಅಲ್ಲೇ ಕೂರಿಸ್ತಿದ್ದೆ ಕಣಮ್ಮಾ. ಬಿಸಿಲು ಚೆನ್ನಾಗಿ ಬೀಳತ್ತೆ ಅಂತ” ಎಂದರು.

ಗೆದ್ದೆನೆಂದು ಖುಷಿಪಡಬೇಕಲ್ಲವೇ? ಆಗುತ್ತಿಲ್ಲ ಅತ್ತೆ. ನಾವಿಬ್ಬರೂ ಹೊಳೆಯುವ ಹಾಗೆ ತೊಳೆದುಕೊಟ್ಟ ಮನೆಗಳನ್ನೆಲ್ಲ ನೆನೆಸಿಕೊಂಡು, ಬಿಡುವಾದಾಗ ಒಂದೊಂದಕ್ಕೇ ಹೋಗಿ ಬರುತ್ತಿದ್ದೇನೆ. ಎಲ್ಲರೂ ನಕ್ಕು ಕಾಫಿ ಕೊಟ್ಟು ಕಳಿಸುತ್ತಾರೆ. ಇಲ್ಲಿಯವರೆಗೆ ನೋಡಿದವೆಲ್ಲ ಬೆಂಚಿನ, ಸೈಕಲ್ಲಿನ, ಗೇಟಿನ ಕಲೆಗಳೇ. ನೋಡುವ ತನಕ ಜೀವ ಕೈಯಲ್ಲಿರುತ್ತದೆ.

ಮಕ್ಕಳಿಗೆ ನನ್ನ ಮುದ್ದು, ನಾದಿನಿಗೂ ಅವಳ ಯಜಮಾನರಿಗೂ ನಮ್ಮಿಬ್ಬರ ನೆನಪುಗಳು. ನೀವು ಬೇಗ ನೆಟ್ಟಗೆ ನಡೆಯುವಂತಾಗಿ ಬಂದು ನನ್ನನ್ನು ಬೈಯುತ್ತಾ ಕೆಲಸ ಮಾಡಿಸಿ. ಬೈಗುಳವಿಲ್ಲದೆ ಕೈ ಓಡುವುದಿಲ್ಲ.

ನಿಮ್ಮ ಪ್ರೀತಿಯ,
ಸೊಸೆ

ತಾ.ಕ.: ನಾದಿನಿಯ ಮನೆ ಮುಂದೆ ಕಾರು ನಿಲ್ಲುವಲ್ಲಿ ಎಷ್ಟು ತಿಕ್ಕಿಸಿದರೂ ತುಕ್ಕಿನ ಕಲೆ ಮತ್ತೆ ಬರುತ್ತಿದೆ, ಪುಡಿ ಕಳಿಸು ಎಂದು ಬರೆದಿದ್ದಿರಿ. ಕಳಿಸುತ್ತಿಲ್ಲ. ನಿನ್ನೆ ಅವಳಿಗೆ ಫೋನು ಮಾಡಿ ಅದರ ಕೆಳಗೆ ಏನಿದೆ ಎಂದು ಕೇಳಿದೆ. “ಟ್ಯಾಂಕು ಅತ್ತಿಗೆ, ಎಲ್ಲರ ಮನೇಲೂ ಇರತ್ತಲ್ಲ. ನೀವು ಎಲ್ಲದಕ್ಕೂ ಹೆದರ್ತೀರಪ್ಪ” ಎಂದು ನಕ್ಕು ಇಟ್ಟುಬಿಟ್ಟಳು. ನನ್ನ ಮಾತಿಗೆ ನಗುತ್ತಾಳೆ, ನಿಮ್ಮ ಮಾತಿಗೆ ನಗುವುದಿಲ್ಲ. ಕಲೆ ಮಚ್ಚೆಯೋ ಗೆರೆಯೋ ನೀವು ಕಿಟಕಿಯಿಂದಲೇ ನೋಡಿ, ಹತ್ತಿರ ಹೋಗಬೇಡಿ. ಮೇಸ್ತ್ರಿ ಬಂದು ನೋಡುವವರೆಗೆ ಕಾರು ಬೀದಿಯಲ್ಲಿರಲಿ, ಮಕ್ಕಳು ಅಲ್ಲಿ ಚೆಂಡಾಡುವುದು ಬೇಡ. ಈ ಕಾಗದವನ್ನು ಸಂಜೆಯ ಬಸ್ಸಿನ ಕಂಡಕ್ಟರರ ಕೈಯಲ್ಲೇ ಕೊಡುತ್ತಿದ್ದೇನೆ, ನಾಳೆ ಬೆಳಿಗ್ಗೆ ನಿಮಗೆ ಸಿಗುತ್ತದೆ. ಓದಿದ ಕೂಡಲೇ ಅವಳನ್ನು ಕರೆಯಿರಿ. ಆಫೀಸಿಗೆ ಹೊರಟು ಕಾರು ತೆಗೆಯುವ ಮೊದಲೇ ಕರೆಯಿರಿ.