ನೀವು ಕಟ್ಟದ ಸಂಘ

ಅಕ್ಕೂರು
೧೦ ನವೆಂಬರ್ ೨೦೨೫, ಸೋಮವಾರ

ಭಾನುಪ್ರಿಯಳ ಅಪ್ಪನವರಿಗೆ,

ಸರಸಮ್ಮ ಬರೆಯುವುದು. ಈ ಕಡೆ ಎಲ್ಲರೂ ಕ್ಷೇಮ. ಸೋಲೂರಿನಲ್ಲಿ ನಿಮ್ಮ ಅಣ್ಣನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಇಷ್ಟಕ್ಕೆ ಮರ್ಯಾದೆಯ ಮಾತು ಮುಗಿಯಿತು. ಮುಂದಿನದನ್ನು ಕೂತುಕೊಂಡು ಓದಿ.

ಎರಡನೇ ತಾರೀಖು, ನಮ್ಮ ಮಹಿಳಾ ಚಾಕಿ ಸಂಘದ ಹೊಸ ಕಟ್ಟಡ ತೆರೆದ ದಿನ, ನೀವು ಗರಿಗರಿ ಬಿಳಿ ಅಂಗಿ ತೊಟ್ಟು ಬಂದಿರಿ. ನನ್ನನ್ನೂ ಮಗಳನ್ನೂ ಬಿಟ್ಟುಹೋದ ಈ ಹದಿನೇಳು ವರ್ಷದಲ್ಲಿ ನೀವು ಈ ಊರಿಗೆ ಕಾಲಿಟ್ಟದ್ದು ಎರಡೇ ಸಲ, ಅದೂ ಸಾವಿಗೆ. ಪೆಂಡಾಲ್ ಹಾಕಿಸಿದ್ದ ನಿಮ್ಮ ಗೆಳೆಯ ಮುನೇಶ್ ನಿಮ್ಮನ್ನು ವೇದಿಕೆಗೆ ಕರೆದು ನನ್ನ ಪಕ್ಕ ಕೂರಿಸಿದರು. ಸಂಘದ ಅಧ್ಯಕ್ಷೆಯೆಂದು ನನಗೆ ಹಾಕಿದಂಥದೇ ಹಾರ ನಿಮ್ಮ ಕೊರಳಿಗೂ ಬಿತ್ತು. ಆಮೇಲೆ ಮೈಕು ಹಿಡಿದು, “ನಮ್ ಸರಸಂಗೆ ರೇಸ್ಮೆ ಹುಳ ಸಾಕೋದು ಹೇಳ್ಕೊಟ್ಟೋನೆ ನಾನು. ಹೆಂಗಸ್ರು ಮುಂದಕ್ ಬರ್ಬೇಕು, ಹೋಗಮ್ಮಿ ಸಂಘ ಕಟ್ಟು ಅಂತ ಮನೆಯಿಂದ ಆಚೆಗೆ ಕಳ್ಸಿದ್ದೂ ನಾನೇಯ” ಎಂದಿರಿ. ಜನ ಚಪ್ಪಾಳೆ ತಟ್ಟಿದರು. ನಾನು ಸುಮ್ಮನೆ ಕೂತಿದ್ದೆ. ಮುಂದಿನ ಸಾಲಿನಲ್ಲಿ ಮಗಳಿದ್ದಳು, ಜಿಲ್ಲೆಯ ಅಧಿಕಾರಿಗಳಿದ್ದರು. ಅವರೆದುರು ರಂಪ ಬೇಡವೆಂದು ಸುಮ್ಮನಾದೆ ಎಂದು ತಿಳಿದುಕೊಳ್ಳಿ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಗುರುವಾರ ನಾನು ರಾಮನಗರಕ್ಕೆ ಹೋಗಿದ್ದಾಗ ಮುನೇಶರ ಜೊತೆ ಕಚೇರಿಗೆ ಬಂದಿರಿ. ನನ್ನ ಕುರ್ಚಿಯಲ್ಲಿ ಕೂತು ಕಾಫಿ ತರಿಸಿಕೊಂಡು ಕುಡಿದಿರಿ. ಸಂಘಕ್ಕೆ ಒಂದು ಸಲಹಾ ಸಮಿತಿ ಆಗಬೇಕಂತೆ. ಅದಕ್ಕೆ ನೀವು ಅಧ್ಯಕ್ಷರು, ಮುನೇಶ್ ಕಾರ್ಯದರ್ಶಿಯಂತೆ. ಮೊಟ್ಟೆ ಎಲ್ಲಿಂದ ತರಬೇಕು, ಹುಳು ಯಾವ ರೈತರಿಗೆ ಕೊಡಬೇಕು, ಯಾವ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಲ್ಲವನ್ನೂ ಇನ್ನುಮೇಲೆ ಆ ಸಮಿತಿಯೇ ಹೇಳುತ್ತದಂತೆ. ಹಾಗೆಂದು ಟೈಪು ಮಾಡಿಸಿದ ಹಾಳೆ ಮೇಜಿನ ಮೇಲಿಟ್ಟು ಹೋದಿರಿ. ಕಚೇರಿ ನೋಡಿಕೊಳ್ಳುವ ಸುಮನಾ ಇದೇನೆಂದು ಕೇಳಿದ್ದಕ್ಕೆ, “ಸರಸಮ್ಮಂಗೆ ವಯಸ್ಸಾಯ್ತಲ್ಲವ್ವ, ಒಸಿ ಭಾರ ಇಳ್ಸಣ ಅಂತ” ಎಂದಿರಂತೆ. ನನಗೆ ಐವತ್ತೊಂದು. ನಿಮಗೆ ಐವತ್ತೆಂಟು.

ಯಾರು ಯಾರಿಗೆ ಏನು ಹೇಳಿಕೊಟ್ಟರು ಎಂಬುದು ನಿಮಗೆ ಮರೆತಿದ್ದರೆ ನಾನು ನೆನಪಿಸುತ್ತೇನೆ.

೨೦೦೭ರಲ್ಲಿ ಹುಳು ಸಾಕುವ ತರಬೇತಿಗೆಂದು ನಾನು ಚನ್ನಪಟ್ಟಣಕ್ಕೆ ಹೋಗಿಬಂದದ್ದಕ್ಕೆ ನೀವು ನಾಲ್ಕು ದಿನ ಮಾತು ಬಿಟ್ಟಿರಿ. ಏಳು ಜನ ಹೆಂಗಸರು ಸೇರಿ ಶಾಲೆಯ ಹಿಂದಿನ ಹಳೇ ಮನೆ ಹಿಡಿದೆವು. ಆಗತಾನೆ ಮೊಟ್ಟೆಯೊಡೆದ ಹುಳುಗಳನ್ನು ಎರಡು ಸಲ ಪೊರೆ ಬಿಡುವವರೆಗೆ ಸಾಕಿ, ಗಟ್ಟಿಯಾದ ಮೇಲೆ ರೈತರಿಗೆ ಕೊಡುವ ಚಾಕಿಯೇ ನಮ್ಮ ಕೆಲಸ. ಅದಕ್ಕೆ ಅರಳಿಕಟ್ಟೆಯ ಮೇಲೆ ಕೂತು “ಹೆಂಗಸ್ರು ಸಾಕಿದ್ ಹುಳವ ಯಾವನ್ಲಾ ತಕ್ಕತನೆ?” ಎಂದು ನಕ್ಕವರು ನೀವು.

ನಮ್ಮ ಮೊದಲ ಬೆಳೆಯ ಹುಳುಗಳು ಒಂದೇ ಮಧ್ಯಾಹ್ನ ತಲೆಯೆತ್ತಿ, ಹಸಿರು ಕಕ್ಕಿ, ತಟ್ಟೆತಟ್ಟೆಗಳಲ್ಲೇ ಸತ್ತವು. ನಮ್ಮ ಏಳು ಜನರಲ್ಲಿ ಒಬ್ಬಳಾದ ದೊಡ್ಡಲಕ್ಷ್ಮಮ್ಮ ಮುಟ್ಟಾದವಳು ಒಳಗೆ ಹೋದದ್ದರಿಂದಲೇ ಹೀಗಾಯಿತು ಎಂದು ಊರು ಮಾತಾಡಿತು. ಆ ಮಾತು ಮೊದಲು ಹೊರಟದ್ದು ನಿಮ್ಮ ಬಾಯಿಂದ. ಅವಳ ಅತ್ತೆ ಮೂರು ದಿನ ಅವಳನ್ನು ಮನೆಯೊಳಗೆ ಸೇರಿಸಲಿಲ್ಲ. ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಅವಳು ದನದ ಕೊಟ್ಟಿಗೆಯಲ್ಲಿದ್ದಳು. ಅದೇ ಬೀದಿಯಲ್ಲಿ ನೀವು ದಿನವೂ ಹಾಲಿನ ಕ್ಯಾನು ಹಿಡಿದು ಓಡಾಡಿದಿರಿ.

ನಿಜ ನಿಮಗೆ ಗೊತ್ತಿತ್ತು. ಹುಳುವಿಗೆ ನಾವು ಸೊಪ್ಪು ಕೊಯ್ಯುವ ಹಿಪ್ಪುನೇರಳೆ ತೋಟದ ಮಗ್ಗುಲಲ್ಲೇ ನಿಮ್ಮ ಟೊಮೆಟೊ. ನಾಳೆ ಸೊಪ್ಪು ಕೊಯ್ಯುತ್ತೇವೆ, ಗಾಳಿ ಈ ಕಡೆಗಿದೆ, ಇವತ್ತೊಂದು ದಿನ ಔಷಧಿ ಹೊಡೆಯಬೇಡಿ ಎಂದು ನಾನು ಕೈ ಮುಗಿದಿದ್ದೆ. ಹೊಡೆದಿರಿ. ಖಾಲಿ ಡಬ್ಬಿ ಪಂಪ್‌ಸೆಟ್ ಮನೆಯಲ್ಲಿ ನನ್ನ ಕೈಗೇ ಸಿಕ್ಕಿತು. ಕೇಳಿದ್ದಕ್ಕೆ “ಹೊಡ್ದೆ, ಏನೀಗ? ನನ್ ಹೊಲ, ನನ್ ಔಸ್ದಿ” ಎಂದಿರಿ.

ನಾನೇನು ಮಾಡಿದೆ ಗೊತ್ತೇ? ಡಬ್ಬಿಯನ್ನು ಬದುವಿನಲ್ಲಿ ಹೂತುಹಾಕಿದೆ. ಗಂಡನ ಹೆಸರು ಬೀದಿಗೆ ಬರಬಾರದೆಂದು ಬಾಯಿ ಮುಚ್ಚಿಕೊಂಡು, ಏನೂ ಮಾಡದ ಒಬ್ಬ ಹೆಣ್ಣುಮಗಳನ್ನು ಕೊಟ್ಟಿಗೆಯಲ್ಲಿ ಕೂರಿಸಿದೆ. ನೀವು ಆರು ತಿಂಗಳಿಗೆ, ಹೆಂಡತಿ ಮಾತು ಮೀರುವ ಮನೆಯಲ್ಲಿ ಇರುವುದಿಲ್ಲವೆಂದು ಸೋಲೂರಿಗೆ ಹೊರಟುಹೋದಿರಿ.

ಅಲ್ಲಿಂದ ಈಚಿನ ಯಾವುದರಲ್ಲೂ ನೀವಿಲ್ಲ. ಮತ್ತೆ ಮೊಟ್ಟೆ ತಂದೆವು. ಮೊದಲು ನಮ್ಮನ್ನು ನಂಬಿ ಹುಳು ತೆಗೆದುಕೊಂಡವರು ಪಕ್ಕದೂರಿನ ಅಕ್ಬರಿ ಬೇಗಂ. ಗೂಡು ಚೆನ್ನಾಗಿ ಕಟ್ಟಿದರೆ ಊರಿಗೆಲ್ಲ ನಾನೇ ಹೇಳುತ್ತೇನೆ ಎಂದಿದ್ದರು, ಹೇಳಿದರು ಕೂಡ. ಈಗ ಕನಕಪುರದಿಂದ, ಮಾಗಡಿಯಿಂದ ರೈತರು ಬಂದು ಸಾಲು ನಿಲ್ಲುತ್ತಾರೆ. ಏಳು ಜನ ಇದ್ದವರು ನಲವತ್ತೊಂದಾಗಿದ್ದೇವೆ. ತಾಯಂದಿರು ಹುಳುವಿಗೆ ಸೊಪ್ಪು ಹಾಕುವಾಗ ಕೂಸುಗಳನ್ನು ನೋಡಿಕೊಳ್ಳಲು ಒಂದು ಕೋಣೆ ಮಾಡಿದ್ದೇವೆ. ಕಾಲೇಜಿಗೆ ಹೋಗುವ ಹುಡುಗಿಯರಿಗೆ ಬೆಳಗಿನ ಬಸ್ಸು ಬೇಕೆಂದು ಡಿಪೋ ಬಾಗಿಲಿಗೆ ನಾನು ಹನ್ನೊಂದು ಸಲ ಹೋಗಿದ್ದೇನೆ. ಹತ್ತನೇ ಸಲ ಅಲ್ಲಿನವರೊಬ್ಬರು, ನಿಮ್ಮ ಯಜಮಾನರನ್ನು ಕಳಿಸಿ ಮಾತಾಡೋಣ ಎಂದರು. ಹನ್ನೊಂದನೇ ಸಲ ನಲವತ್ತು ಹೆಂಗಸರನ್ನು ಕರೆದುಕೊಂಡು ಹೋದೆ. ಬಸ್ಸು ಬಂತು.

ಮೊನ್ನೆ ಶನಿವಾರ ಎಲ್ಲ ಸದಸ್ಯರ ಸಭೆ ಕರೆದು ನಿಮ್ಮ ಹಾಳೆಯನ್ನು ಓದಿದೆ. “ಹೆಂಗಿದ್ರೂ ನಿಮ್ ಯಜಮಾನ್ರು, ಇರ್ಲಿ ಬುಡಕ್ಕ” ಎಂದು ಒಬ್ಬಿಬ್ಬರು ಅಂದರು. ಎದ್ದು ನಿಂತು ಔಷಧಿಯ ಸಂಗತಿ, ಡಬ್ಬಿಯ ಸಂಗತಿ ಎಲ್ಲವನ್ನೂ ಹೇಳಿಬಿಟ್ಟೆ.

ದೊಡ್ಡಲಕ್ಷ್ಮಮ್ಮ ಈಗ ನಮ್ಮ ಉಪಾಧ್ಯಕ್ಷೆ. ಅವಳು ನನ್ನ ಮುಖವನ್ನೇ ನೋಡುತ್ತ, “ಅವತ್ತೇ ಒಂದ್ ಮಾತು ಅಂದಿದ್ರೆ ನಾನು ಕೊಟ್ಟಿಗೇಲಿ ಇರ್ತಿರ್ನಿಲ್ಲ ಕಣಕ್ಕ. ಇಷ್ಟ್ ವರ್ಸ ನನ್ ಪಕ್ಕದಲ್ಲೇ ಕೂತು ಸೊಪ್ಪು ಹೆಚ್ಚುದ್ಯಲ್ಲ, ಒಂದ್ ದಿನಾನೂ ಬಾಯಿಗ್ ಬರ್ನಿಲ್ವ?” ಎಂದಳು. ಅಧ್ಯಕ್ಷಗಿರಿ ಬಿಡುತ್ತೇನೆಂದು ಅಲ್ಲೇ ಬರೆದು ಅವಳ ಮುಂದಿಟ್ಟೆ. ಅವಳು ಅದನ್ನು ಹರಿದು ಹಾಕಿದಳು. “ಬುಟ್ಟೋಯ್ತೀಯಾ? ನೀನ್ ಬುಟ್ಟೋದ್ರೆ ಆವಯ್ಯ ಬಂದ್ ಕೂತ್ಕತನೆ. ಕೂತ್ಕ ಅಲ್ಲೇ. ನಿನ್ ಮೇಲಿನ್ ಕ್ವಾಪವ ನಾನು ನಿದಾನುಕ್ ತೀರುಸ್ಕತೀನಿ” ಎಂದಳು.

ಸಮಿತಿ ಬೇಡವೆನ್ನಲು ಮೊದಲು ಎದ್ದ ಕೈ ಅವಳದು. ಉಳಿದ ನಲವತ್ತೂ ಎದ್ದವು. ನಿನ್ನೆಯೂ ಇವತ್ತೂ ಅವಳು ಹೊತ್ತಿಗೆ ಸರಿಯಾಗಿ ಬಂದಳು, ಹುಳುವಿಗೆ ಸೊಪ್ಪು ಹಾಕಿದಳು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ.

ನಿಮಗೆ ಸಲ್ಲಬೇಕಾದದ್ದು ಇದು. ನಿಮ್ಮ ಹಾಳೆಯನ್ನು ಈ ಲಕೋಟೆಯಲ್ಲೇ ವಾಪಸು ಕಳಿಸಿದ್ದೇನೆ. ಇನ್ನು ಅಕ್ಕೂರಿಗೆ ಬರುವುದಾದರೆ ಒಂದೇ ಕೆಲಸಕ್ಕೆ ಬನ್ನಿ. ದೊಡ್ಡಲಕ್ಷ್ಮಮ್ಮನ ಮನೆಯ ಬಾಗಿಲಲ್ಲಿ ನಿಂತು, ಬೀದಿಯ ಎರಡೂ ಕಡೆಯವರಿಗೆ ಕೇಳಿಸುವ ಹಾಗೆ, ಹುಳುಗಳನ್ನು ಕೊಂದವನು ನಾನು ಎಂದು ಹೇಳಿ. ಭಾಷಣ ಮಾಡುವುದು ನಿಮಗೆ ಚೆನ್ನಾಗಿ ಬರುತ್ತದೆ. ಮೈಕು ಬೇಕಿದ್ದರೆ ಸಂಘದಿಂದಲೇ ಕೊಡಿಸುತ್ತೇನೆ.

ಬರೆದದ್ದನ್ನೆಲ್ಲ ತಿಳಿದೇ ಸಹಿ ಮಾಡಿದ್ದೇನೆ,
ಸರಸಮ್ಮ
ಅಧ್ಯಕ್ಷೆ, ಮಹಿಳಾ ಚಾಕಿ ಸಂಘ, ಅಕ್ಕೂರು

ಮತ್ತೆ: ಈ ಕಾಗದದ ನಕಲು ಸಂಘದ ಕಡತದಲ್ಲಿ ಇರುತ್ತದೆ, ಯಾರು ಬೇಕಾದರೂ ಓದಬಹುದು. ಇಲ್ಲಿಂದ ಕೆಳಗಿನದು ಆ ನಕಲಿನಲ್ಲಿಲ್ಲ. ವೇದಿಕೆಯ ಮೇಲೆ ನಾನು ಸುಮ್ಮನೆ ಕೂತಿದ್ದೆ ಎಂದು ಬರೆದೆನಲ್ಲ, ಅದು ಸುಳ್ಳು. ನೀವು ‘ನಮ್ ಸರಸ’ ಎಂದಾಗ, ಇವರು ಹೇಳುತ್ತಿರುವುದೆಲ್ಲ ನಿಜವೇ ಆಗಿದ್ದಿದ್ದರೆ ಎಂದು ಒಂದು ಗಳಿಗೆ ಆಸೆಯಾಯಿತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು.